ಮಳೆಗಾಲದಲ್ಲಿ 1/24 ಮಾದರಿ ಕಾರಿಗೆ ಹೊಳಪು ಕಪ್ಪು: ಬಣ್ಣ ಬೆಳ್ಳಗೆ ಮಬ್ಬಾಗದಂತೆ ಹೊಡೆಯುವುದು ಹೇಗೆ?

ಕೋಡಿಬಾಗ_24 (ಕಾರವಾರ):
ಎಲ್ಲರಿಗೂ ನಮಸ್ಕಾರ. ಕೈಯಲ್ಲಿರುವುದು 1/24 ಅಳತೆಯ (ನಿಜ ಕಾರಿನ 24ರಲ್ಲಿ ಒಂದು ಪಾಲು) ಪ್ಲಾಸ್ಟಿಕ್ ಮಾದರಿ ಕಾರು, ಸ್ಕೈಲೈನ್ ಜಿಟಿ-ಆರ್. ಬಾಡಿಗೆ ಹೊಳಪು ಕಪ್ಪು ಬೇಕು. ಪ್ರೈಮರ್ (ತಳಪದರ) ಸರಿಯಾಗಿ ಕೂತಿದೆ. ಅದರ ಮೇಲೆ ಲ್ಯಾಕರ್ (ಥಿನ್ನರ್‌ನಲ್ಲಿ ಕರಗಿದ ಬಣ್ಣ) ಸ್ಪ್ರೇ ಕ್ಯಾನ್ ಹೊಡೆದರೆ ಒಂದೆರಡು ನಿಮಿಷದಲ್ಲೇ ಬಾನೆಟ್ ಮತ್ತು ರೂಫ್ ಬೆಳ್ಳಗೆ ಮಬ್ಬಾಗುತ್ತವೆ, ಬಾಗಿಲುಗಳಲ್ಲಿ ಅಷ್ಟಿಲ್ಲ. ಕೋಣೆಯ ತೇವಾಂಶ ಮೀಟರ್ 90% ತೋರಿಸುತ್ತಿದೆ, ಉಷ್ಣತೆ 27 ಡಿಗ್ರಿ. ಮಬ್ಬಾದದ್ದನ್ನು ಪೂರ್ತಿ ಕಿತ್ತು ತೆಗೆಯದೆ ಸರಿಮಾಡಬಹುದೇ? ಮಳೆ ನಿಲ್ಲುವವರೆಗೆ ಕಾಯದೆ ಉಳಿದ ಕೋಟ್ ಮುಗಿಸಲು ದಾರಿ ಉಂಟೇ? ಇಲ್ಲವೇ ನೀರಿನ ಅಕ್ರಿಲಿಕ್‌ಗೆ ಹೋಗುವುದೇ ವಾಸಿಯೇ? ಏರ್‌ಬ್ರಷ್ (ಗಾಳಿಯಿಂದ ಬಣ್ಣ ಚಿಮ್ಮಿಸುವ ಸಣ್ಣ ಗನ್, 0.3 ಮಿ.ಮೀ. ನಾಜಲ್) ಮತ್ತು ಸಣ್ಣ ಕಂಪ್ರೆಸರ್ ಇದೆ.

ಘಟ್ಟದ_ಮೇಲೆ (ಶಿರಸಿ):
ಬಣ್ಣದ್ದಾಗಲಿ ಪ್ರೈಮರ್‌ದ್ದಾಗಲಿ ತಪ್ಪಿಲ್ಲ. ಲ್ಯಾಕರ್‌ನ ಥಿನ್ನರ್ ಬಹಳ ಬೇಗ ಆರುತ್ತದೆ, ಆರುವಾಗ ಮೇಲ್ಮೈಯ ಶಾಖ ಎಳೆದುಕೊಳ್ಳುತ್ತದೆ. 27 ಡಿಗ್ರಿ, 90% ತೇವಾಂಶ ಅಂದರೆ ಇಬ್ಬನಿ ಕಟ್ಟುವ ಉಷ್ಣತೆ ಸುಮಾರು 25 ಡಿಗ್ರಿ. ಬಾಡಿ ಎರಡೇ ಡಿಗ್ರಿ ತಣ್ಣಗಾದರೂ ಹಸಿ ಬಣ್ಣದ ಮೇಲೆ ನೀರು ಕೂರುತ್ತದೆ, ಮಬ್ಬು ಬರುವುದು ಅದರಿಂದಲೇ. ಅದೇ 27 ಡಿಗ್ರಿಗೆ ತೇವಾಂಶ 60% ಇದ್ದಿದ್ದರೆ ಎಂಟು ಡಿಗ್ರಿಗಿಂತ ಹೆಚ್ಚು ಇಳಿಯಬೇಕಿತ್ತು. ಬಾನೆಟ್, ರೂಫ್ ಅಡ್ಡಲಾಗಿರುವುದರಿಂದ ಅಲ್ಲಿ ಬಣ್ಣ ದಪ್ಪ ಬೀಳುತ್ತದೆ, ಹೆಚ್ಚು ತಣ್ಣಗಾಗುತ್ತದೆ. ಬಾಗಿಲು ಬಚಾವಾಗಿರುವುದು ಅದಕ್ಕೇ.

ಹಾಗಾಗಿ ಮಾಡಬೇಕಾದದ್ದು ಎರಡು: ಬಾಡಿಯನ್ನು ಬೆಚ್ಚಗಿಡುವುದು, ಥಿನ್ನರ್ ಆರುವುದನ್ನು ನಿಧಾನಿಸುವುದು.

ಬೆಚ್ಚಗಿಡಲು ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಡಬ್ಬ, ಅದರಲ್ಲಿ ಸಿಲಿಕಾ ಜೆಲ್, ಒಂದು ಥರ್ಮಾಮೀಟರ್ ಸಾಕು. ಹೇರ್ ಡ್ರೈಯರ್‌ನಿಂದ ಡಬ್ಬವನ್ನೂ ಬಾಡಿಯನ್ನೂ 35–40 ಡಿಗ್ರಿಗೆ ತನ್ನಿ. 50 ದಾಟಿಸಬೇಡಿ, ತೆಳು ಎ-ಪಿಲ್ಲರ್ (ಮುಂಗಾಜಿನ ಪಕ್ಕದ ಕಂಬ) ಮತ್ತು ರೂಫ್ ಬಾಗುತ್ತವೆ. ನಮ್ಮ ಕಡೆಯವರಿಗೆ ಅಡಿಕೆ ಡ್ರೈಯರ್ ನೆನಪಾಗಬಹುದು, ಅದಕ್ಕಂತೂ ಇಡಲೇಬೇಡಿ: ಶಾಖವೂ ಹೆಚ್ಚು, ಹೊಗೆ ಮಸಿಯೂ ಹಿಡಿಯುತ್ತದೆ. ಬಾಡಿ ಹೊರತೆಗೆದು ಒಂದು ಕೋಟ್ ಹೊಡೆದು ಕೂಡಲೇ ಡಬ್ಬಕ್ಕೆ ಹಾಕಿ, ಮುಚ್ಚಳ ಸ್ವಲ್ಪ ತೆರೆದಿರಲಿ. ಹಸಿ ಬಣ್ಣದ ಆವಿ ಬೆಂಕಿ ಹಿಡಿಯುವಂಥದ್ದು, ಆಗ ಡಬ್ಬದೊಳಗೆ ಉರಿಯುವ ಬಲ್ಬ್ ಇರಕೂಡದು.

ನಿಧಾನಿಸುವುದಕ್ಕೆ ಕ್ಯಾನ್‌ನ ಬಣ್ಣವನ್ನು ಏರ್‌ಬ್ರಷ್‌ಗೆ ತನ್ನಿ. ಕ್ಯಾನ್‌ನ ನಾಜಲ್‌ಗೆ ಸ್ಟ್ರಾ ಕಟ್ಟಿ ಗಾಜಿನ ಬಾಟಲಿಗೆ ನಿಧಾನ ಹೊಡೆಯಿರಿ. ಅದರಲ್ಲಿ ಗ್ಯಾಸ್ ಕರಗಿರುತ್ತದೆ, ಕೆಲವು ಗಂಟೆ ಬಾಯಿ ಸಡಿಲ ಬಿಡಬೇಕು. ತಕ್ಷಣ ಬಿಗಿ ಮುಚ್ಚಿದರೆ ಬಾಟಲಿ ಸಿಡಿಯಬಹುದು, ತಕ್ಷಣ ಹೊಡೆದರೆ ಬಾಡಿ ಮೇಲೆ ಗುಳ್ಳೆ. ಕ್ಯಾನ್ ಬಣ್ಣ ಮೊದಲೇ ತೆಳು, 15–20% ಮಿಸ್ಟರ್ ಕಲರ್ ಲೆವೆಲಿಂಗ್ ಥಿನ್ನರ್ ಸೇರಿಸಿದರೆ ಸಾಕು, ಅದರಲ್ಲಿ ಆರುವುದನ್ನು ನಿಧಾನಿಸುವ ರಿಟಾರ್ಡರ್ ಇದೆ. ಒತ್ತಡ 15–18 ಪಿಎಸ್‌ಐ. ಎರಡು ಮಂಜಿನಂಥ ತೆಳು ಕೋಟ್, ನಡುವೆ 15 ನಿಮಿಷ, ಆಮೇಲೆ ಒಂದು ಒದ್ದೆ ಕೋಟ್. ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್ ಏರ್‌ಬ್ರಷ್ ತೊಳೆಯಲು ಮಾತ್ರ. ಬಣ್ಣಕ್ಕೆ ಬೆರೆಸಿದರೆ ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ.

ಈಗಿರುವ ಮಬ್ಬಿಗೂ ಅದೇ ಔಷಧ. ಬಾಡಿ ಬೆಚ್ಚಗೆ ಮಾಡಿ, ಬರೇ ಲೆವೆಲಿಂಗ್ ಥಿನ್ನರನ್ನು 15 ಸೆಂ.ಮೀ. ದೂರದಿಂದ ತೆಳುವಾಗಿ ಹಾಯಿಸಿ. ಮೇಲ್ಪದರ ಮತ್ತೆ ಕರಗಿ ನೀರಿಗೆ ಹೊರಬರಲು ದಾರಿಯಾಗುತ್ತದೆ, ಕಪ್ಪು ಮರಳುತ್ತದೆ. ಹೊಳೆಯುವಷ್ಟು ಒದ್ದೆಯಾದರೆ ಸಾಕು, ಹರಿದರೆ ಕೆಟ್ಟಿತು. ಅದಕ್ಕೂ ಬಗ್ಗದಿದ್ದರೆ ಪೂರ್ತಿ ಒಣಗಿಸಿ, 2000 ನಂಬರಿನ ವಾಟರ್ ಪೇಪರ್ (ನೀರಿನ ಜೊತೆ ಉಜ್ಜುವ ನಯ ಉಪ್ಪುಕಾಗದ) ಆಡಿಸಿ ಇನ್ನೊಂದು ಕೋಟ್ ಕೊಡಿ. ಕಿತ್ತು ತೆಗೆಯುವ ಕೆಲಸ ಬರುವುದಿಲ್ಲ.

ನೀರಿನ ಅಕ್ರಿಲಿಕ್ ಈ ರೀತಿ ಬೆಳ್ಳಗಾಗುವುದಿಲ್ಲ, ನಿಜ. ಆದರೆ ಈ ಹವೆಯಲ್ಲಿ ನೀರೇ ಆರುವುದಿಲ್ಲ. ಗಂಟೆಗಟ್ಟಲೆ ಅಂಟುತ್ತಾ ಧೂಳು ಹಿಡಿಯುತ್ತದೆ, ಪಾಲಿಶ್ ತಡೆಯುವಷ್ಟು ಗಟ್ಟಿಯಾಗಲು ತುಂಬಾ ದಿನ ಬೇಕು. ಹೊಳಪು ಕಪ್ಪಿಗೆ ನಾನು ಒಪ್ಪುವುದಿಲ್ಲ.

ಹೊನ್ನಾವರ_ಸೇತುವೆ:
ಕಂಪ್ರೆಸರ್ ಬಳಸುವುದಾದರೆ ಮೊದಲು ನೀರು ಸೋಸುವ ಟ್ರ್ಯಾಪ್ ನೋಡಿ. ಕಂಪ್ರೆಸರ್ ಬಾಯಲ್ಲೇ ಕೂರಿಸಿದರೆ ಪ್ರಯೋಜನ ಕಡಿಮೆ, ಅಲ್ಲಿ ಗಾಳಿ ಇನ್ನೂ ಬಿಸಿ. ನೀರು ಹನಿಯಾಗುವುದು ಗಾಳಿ ಹೋಸ್‌ನಲ್ಲಿ ತಣಿದ ಮೇಲೆ. ಮೂರು ಮೀಟರ್ ಹೋಸ್ ಇಟ್ಟು ಟ್ರ್ಯಾಪನ್ನು ಏರ್‌ಬ್ರಷ್ ಕಡೆಗೆ ಹಾಕಿ, ನೇರ ನಿಲ್ಲಿಸಿ. ಟ್ಯಾಂಕ್ ಇದ್ದರೆ ಕೆಲಸ ಮುಗಿದ ಮೇಲೆ ಪ್ರತಿ ಸಲ ಕೆಳಗಿನ ವಾಲ್ವ್ ತೆರೆದು ನೀರು ಬಿಡಿ. ಬಾಡಿಗೆ ಹೊಡೆಯುವ ಮೊದಲು ಕನ್ನಡಿ ಚೂರಿಗೆ ಬರೇ ಗಾಳಿ ಬಿಟ್ಟು ನೋಡಿ, ಹನಿ ಕಂಡರೆ ನಿಲ್ಲಿಸಿ.

ಕೋಡಿಬಾಗ_24:
ತುಂಬಾ ಉಪಕಾರ. ಎಸಿ ಕೋಣೆಯಲ್ಲಿ ಹೊಡೆದರೆ ಡಬ್ಬದ ಗೋಜು ತಪ್ಪುತ್ತದೆಯೇ? ಕ್ಲಿಯರ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಮತ್ತು ಪಾಲಿಶ್ ಕ್ರಮವನ್ನೂ ಯಾರಾದರೂ ಹೇಳಿ. ಕಾರಿನ ಹಿಂಭಾಗದಲ್ಲಿ ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ) ಇದೆ.

ಕುಮಟಾ_ಕಾರ್‌ಕಿಟ್:
ಎಸಿ ಒಳ್ಳೆಯದೇ, ಆದರೆ ಒಂದು ತೊಡಕಿದೆ. ಸ್ಪ್ರೇ ಬೂತ್‌ನ (ಬಣ್ಣ ಹೊಡೆಯುವ ಪೆಟ್ಟಿಗೆಯ) ಫ್ಯಾನ್ ಎಷ್ಟು ಗಾಳಿ ಹೊರಹಾಕುತ್ತದೋ ಅಷ್ಟೇ ಹೊರಗಿನ ಒದ್ದೆ ಗಾಳಿ ಬಾಗಿಲ ಸಂದಿಯಿಂದ ಒಳಬರುತ್ತದೆ. ಫ್ಯಾನ್ ನಿಲ್ಲಿಸಿದರೆ ನಿಮ್ಮ ಎದೆಗೇ ಆವಿ. ಅದಕ್ಕೆ ಡ್ರೈ ಮೋಡ್‌ನಲ್ಲಿ ಒಂದು ತಾಸು ಓಡಿಸಿ, ಮೀಟರ್ 60ಕ್ಕೆ ಇಳಿದ ಮೇಲೆ ಫ್ಯಾನ್ ಹಾಕಿ, ಎರಡು ಮೂರು ನಿಮಿಷದಲ್ಲಿ ಕೋಟ್ ಮುಗಿಸಿ. ಡಬ್ಬ ಆಗಲೂ ಬೇಕು, ಎಸಿ ಬಾಡಿಯನ್ನೂ ತಣ್ಣಗೆ ಮಾಡಿರುತ್ತದೆ. ಆರ್ಗ್ಯಾನಿಕ್ ವೇಪರ್ ಮಾಸ್ಕ್ (ಥಿನ್ನರ್ ಆವಿ ಸೋಸುವಂಥದ್ದು) ಹಾಕಿ, ಬಟ್ಟೆ ಮಾಸ್ಕ್‌ನಿಂದ ಏನೂ ಆಗದು.

ಡೆಕಾಲನ್ನು ಹೊಳಪು ಮೇಲ್ಮೈ ಮೇಲೆಯೇ ಅಂಟಿಸಿ. ಒರಟಾಗಿದ್ದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿ ಬಣ್ಣ ತೋರುತ್ತದೆ. ಡಬ್ಬದಲ್ಲಿ ಎರಡು ದಿನವಾದರೂ ಒಣಗಲಿ, ಅಡಿಯಲ್ಲಿ ನೀರು ಉಳಿದರೆ ಕ್ಲಿಯರ್ ಕೆಳಗೆ ಮೋಡ ಕಟ್ಟುತ್ತದೆ, ಅದು ಪಾಲಿಶ್‌ಗೆ ಸಿಗುವುದಿಲ್ಲ. ಟಮಿಯಾ ಟಿಎಸ್-13 ಕ್ಲಿಯರ್ ಖಾರದ ಲ್ಯಾಕರ್, ಮೊದಲ ಕೋಟೇ ಒದ್ದೆಯಾದರೆ ಡೆಕಾಲ್ ಸುಕ್ಕಾಗುತ್ತದೆ. ಮೂರು ಒಣ ಮಂಜು ಕೋಟ್, ನಡುವೆ ಅರ್ಧ ತಾಸು, ಆಮೇಲಷ್ಟೇ ಎರಡು ಒದ್ದೆ ಕೋಟ್.

ಪಾಲಿಶ್‌ಗೆ ಆತುರ ಬೇಡ. ಬಾಡಿಯನ್ನು ಮೂಗಿಗೆ ಹಿಡಿದರೆ ಥಿನ್ನರ್ ವಾಸನೆ ಬರಬಾರದು. ನಮ್ಮ ಕರಾವಳಿ ಜುಲೈಯಲ್ಲಿ ಹೊರಗಿಟ್ಟರೆ ಎರಡು ವಾರವೂ ಸಾಲದಿರಬಹುದು. ಬಾಗಿಲ ಅಂಚು, ಬಾನೆಟ್‌ನ ಏರುಗೆರೆಗಳ ಮೇಲೆ ತೆಳು ಟೇಪ್ ಅಂಟಿಸಿ. ಬಣ್ಣ ಮೊದಲು ಸವೆದು ಪ್ರೈಮರ್ ಇಣುಕುವುದು ಅಲ್ಲೇ. 2000, 3000 ಪೇಪರ್‌ಗೆ ನೀರಿನ ಜೊತೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಒಂದೇ ದಿಕ್ಕಿನಲ್ಲಿ, ಬೆರಳ ಭಾರ ಮಾತ್ರ. ಕಿತ್ತಳೆ ಸಿಪ್ಪೆಯಂಥ ಮೈ ಸಮ ಮಬ್ಬಾದ ಮೇಲೆ ಟಮಿಯಾ ಕಾಂಪೌಂಡ್ (ಪಾಲಿಶ್ ಪೇಸ್ಟ್): ಕೆಂಪು ಮುಚ್ಚಳದ ಕೋರ್ಸ್, ನೀಲಿಯ ಫೈನ್, ಬಿಳಿಯ ಫಿನಿಶ್. ಪ್ರತಿಯೊಂದಕ್ಕೂ ಬೇರೆ ಬಟ್ಟೆ, ಕಪ್ಪಿನ ಮೇಲೆ ಒಂದು ಗೀರೂ ಅಡಗುವುದಿಲ್ಲ.

ಅಂಕೋಲಾ_ಸ್ಕೇಲ್:
ಇನ್ನೊಂದು ಸೇರಿಸುತ್ತೇನೆ. ಕಿಟಕಿ, ಹೆಡ್‌ಲೈಟ್ ಹತ್ತಿರ ಸೂಪರ್ ಗ್ಲೂ ತರಬೇಡಿ. ಅದರ ಆವಿ ಗಾಳಿಯ ತೇವಕ್ಕೆ ಗಟ್ಟಿಯಾಗಿ ಗಾಜಿನ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ, ಮುಚ್ಚಿದ ಕ್ಯಾಬಿನ್ ಒಳಗೆ ಒರೆಸಲೂ ಆಗದು. ಬಿಳಿ ಪಿವಿಎ ಅಂಟನ್ನು ಟೂತ್‌ಪಿಕ್ ತುದಿಯಿಂದ ಹಚ್ಚಿ, ರಾತ್ರಿಯಿಡೀ ಟೇಪ್ ಹಿಡಿದಿರಲಿ. ಕ್ರೋಮ್ ಬಿಡಿಭಾಗಗಳಲ್ಲಿ ಅಂಟಿಸುವ ಜಾಗದ ಕ್ರೋಮ್ ಕೆರೆದು ತೆಗೆಯಿರಿ, ಪ್ಲಾಸ್ಟಿಕ್ ಸಿಮೆಂಟ್ ಕ್ರೋಮನ್ನು ಕರಗಿಸುವುದಿಲ್ಲ. ಕಿಟ್‌ನಲ್ಲಿ ಲೋಹದ ಆಕ್ಸಲ್ ಇದ್ದರೆ ಜೋಡಿಸುವ ಮುಂಚೆ ಹೊಲಿಗೆ ಮೆಷಿನ್ ಎಣ್ಣೆ ಸವರಿ ಒರೆಸಿ, ಉಪ್ಪು ಗಾಳಿಗೆ ಬೇಗ ತುಕ್ಕು ಬರುತ್ತದೆ. ಬಣ್ಣ ಒಣಗುವಷ್ಟು ದಿನ ಷಾಸಿ, ಡ್ಯಾಶ್‌ಬೋರ್ಡ್ ಕೆಲಸ ನಡೆಯಲಿ. ಅವು ಮ್ಯಾಟ್, ಸಣ್ಣ ಮಬ್ಬು ಅಲ್ಲಿ ಕಾಣುವುದೇ ಇಲ್ಲ.