ಅಜ್ಜಿ ಸೀರೆಗಳಲ್ಲಿ ಮೊದಲ ಕೌದಿ: ಹೊಲಿದು ಗೊತ್ತಿದ್ದವರು ಹೇಳಿ

ಅಜ್ಜಿ ತೀರಿಕೊಂಡು ಎರಡು ವರ್ಷವಾಯಿತು. ಟ್ರಂಕಿನಲ್ಲಿ ಅವರ ಆರು ಸೀರೆ ಇವೆ. ನಾಲ್ಕು ಮೆತ್ತಗಿನ ಹತ್ತಿ ಸೀರೆ, ಜರಿ ಅಂಚಿನ ಕೆಂಪು ಹತ್ತಿ ಸೀರೆ ಒಂದು, ನೈಲೆಕ್ಸ್ ಒಂದು. ಎಲ್ಲ ಸೇರಿಸಿ ಅಮ್ಮನಿಗೆ ಕೌದಿ ಹೊಲಿಯಬೇಕು ಅಂತ ಆಸೆ. ಹೋದ ವಾರ ಎರಡು ಸೀರೆ ಒಂದರ ಮೇಲೊಂದು ಹಾಸಿ, ನಾಲ್ಕೂ ಅಂಚು ಹೊಲಿದು ಒಳಗೆ ಬಂದೆ. ಮಧ್ಯಕ್ಕೆ ಬರುವಾಗ ಬಟ್ಟೆ ಮಿಕ್ಕಿ ಗುಡ್ಡದ ಹಾಗೆ ಎದ್ದು ನಿಂತಿತು. ಎಲ್ಲ ಬಿಚ್ಚಿದೆ. ಒಳಗೆ ಸ್ಪಾಂಜ್ ಥರದ್ದು ಹಾಕಬೇಕಾ? ಎಷ್ಟು ಪದರ? ಮೆಷಿನ್ ಆಗುತ್ತದಾ? ನಾನಿರುವುದು ತೀರ್ಥಹಳ್ಳಿ ಹತ್ತಿರ, ಇಲ್ಲಿ ಕೇಳೋಣ ಅಂದರೆ ಹೊಲಿಯುವವರು ಯಾರೂ ಉಳಿದಿಲ್ಲ.

ಶಿವಮೊಗ್ಗದಿಂದ:

ಬಿಚ್ಚಿದ್ದು ಒಳ್ಳೆಯದೇ ಆಯಿತು ಬಿಡಿ. ನಾನು ನನ್ನ ಮೊದಲನೆಯದನ್ನು ಮೂರು ಸಲ ಬಿಚ್ಚಿದ್ದೆ. ನಾವಿಲ್ಲಿ ಏಳೆಂಟು ಜನ ಶನಿವಾರ ಮಧ್ಯಾಹ್ನ ಒಬ್ಬೊಬ್ಬರ ಮನೆಯಲ್ಲಿ ಸೇರಿ ಹೊಲಿಯುತ್ತೇವೆ. ಹೊಲಿಗೆಗಿಂತ ಮಾತು ಜಾಸ್ತಿ, ಆದರೂ ವರ್ಷಕ್ಕೆ ಐದಾರು ಕೌದಿ ಮುಗಿಯುತ್ತವೆ.

ಸ್ಪಾಂಜ್ ಬೇಡ. ಹಾಕಿ ಕೆಟ್ಟವಳು ಹೇಳುತ್ತಿದ್ದೇನೆ. ಮೆತ್ತಗಿರಲಿ ಅಂತ ಒಂದು ಕೌದಿಗೆ ಅಂಗಡಿಯಲ್ಲಿ ಸಿಗುವ ಬಿಳಿ ಫೈಬರ್ ಹಾಳೆ ತುಂಬಿಸಿ ಹೊಲಿದೆ. ನೋಡಲು ಚೆನ್ನಾಗಿಯೇ ಇತ್ತು. ಆರಿದ್ರಾ ಮಳೆ ಹಿಡಿದಾಗ ಮೊಮ್ಮಗ ಅದರ ಮೇಲೆ ಉಚ್ಚೆ ಹೊಯ್ದ. ಒಗೆದೆ. ಬಚ್ಚಲ ಒಲೆಯ ಮೇಲಿನ ಗಳುವಿಗೆ ನಾಲ್ಕು ದಿನ ಹಾಕಿದೆ. ಮೇಲೆ ಮುಟ್ಟಿದರೆ ಬೆಚ್ಚಗೆ, ಒಣಗಿದೆ ಅಂತಲೇ ಮಡಚಿ ಇಟ್ಟೆ. ಹದಿನೈದು ದಿನ ಬಿಟ್ಟು ತೆಗೆದರೆ ಒಳಗಿಂದ ಬೂಸ್ಟು ಹಿಡಿದು ಹೊರಗೆ ಕಪ್ಪು ಚುಕ್ಕಿ ಚುಕ್ಕಿ, ಮೇಲೆ ಹೊಗೆ ವಾಸನೆ ಬೇರೆ. ಬಯಲುಸೀಮೆಯವರು ಏಳೆಂಟು ಪದರದ ಕೌದಿ ಹೊಲಿಯುತ್ತಾರೆ, ಅವರಿಗೆ ನಡೆಯುತ್ತದೆ, ಗೋಡೆ ಮೇಲೆ ಹರವಿದರೆ ಸಂಜೆಯೊಳಗೆ ಒಣಗುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟವೆಲ್ ಒಣಗುವುದೇ ಕಷ್ಟ, ಅಲ್ವಾ? ಅದಕ್ಕೇ ನಾವೀಗ ಯಾರೇ ಹೊಸಬರು ಬಂದರೂ ಮೊದಲು ಕೇಳುವುದು ಬಣ್ಣ, ವಿನ್ಯಾಸ ಅಲ್ಲ. ಇದು ನೆನೆದರೆ ಎಲ್ಲಿ ಒಣಗಿಸುತ್ತೀರಿ ಅಂತ.

ಹಾಗಾಗಿ ಮೂರೇ ಪದರ, ಮೂರೂ ಹಳೆ ಹತ್ತಿ. ಲೆಕ್ಕ ಹೀಗೆ. ಸೀರೆ ಸುಮಾರು 5.5 ಮೀಟರ್, ಅಂದರೆ 18 ಅಡಿ. ಪನ್ನ, ಅಂದರೆ ಅಗಲ, ಹೆಚ್ಚುಕಮ್ಮಿ 45 ಇಂಚು. ಐದೈದು ಅಡಿಗೆ ಕತ್ತರಿಸಿದರೆ ಒಂದು ಸೀರೆಗೆ ಮೂರು ತುಂಡು ಬರುತ್ತವೆ, ಮೂರಡಿ ಉಳಿಯುತ್ತದೆ. ಎರಡು ತುಂಡಿನ ಐದಡಿ ಅಂಚುಗಳನ್ನು ಪಕ್ಕಪಕ್ಕ ಇಟ್ಟು ಜೋಡಿಸಿದರೆ ಐದಡಿ ಅಗಲ, ಏಳೂವರೆ ಅಡಿ ಉದ್ದದ ಒಂದು ಪದರ. ಒಬ್ಬರು ಹೊದೆಯಲು ಧಾರಾಳ. ಅಂದರೆ ಎರಡು ಸೀರೆಗೆ ಮೂರು ಪದರ ಸರಿಯಾಗಿ ಆಯಿತು. ನಿಮ್ಮ ನಾಲ್ಕು ಸೀರೆ ಒಂದೇ ಕೌದಿಗೆ ಹಾಕಬೇಡಿ ಮಾರಾಯ್ತಿ, ಆರು ಪದರಕ್ಕೆ ಸೂಜಿ ಇಳಿಸಿ ಇಳಿಸಿ ಬೆರಳು ಬಾತುಕೊಳ್ಳುತ್ತದೆ. ಎರಡು ಕೌದಿ ಮಾಡಿ. ಅಮ್ಮನಿಗೊಂದು, ನಿಮಗೊಂದು.

ಹೊಲಿಯುವ ಮುಂಚೆ ಗಂಜಿ ಪೂರ್ತಿ ಹೋಗುವ ಹಾಗೆ ಒಗೆಯಿರಿ. ಗಂಜಿ ಉಳಿದರೆ ಹುಳ ಬರುತ್ತದೆ, ಬೂಸ್ಟೂ ಬೇಗ ಹಿಡಿಯುತ್ತದೆ.

ಇನ್ನು ಗುಡ್ಡ ಎದ್ದ ವಿಷಯ. ನೀವು ಟಾಕಾ, ಅಂದರೆ ಪದರ ಜಾರದ ಹಾಗೆ ಹಿಡಿಯುವ ಕಚ್ಚಾ ಹೊಲಿಗೆ, ಹಾಕದೇ ಅಂಚು ಮುಚ್ಚಿಬಿಟ್ಟಿದ್ದೀರಿ. ನೆಲ ಒರೆಸಿ, ಒಣಗಿದ ಮೇಲೆ ಅಡಿಯ ಪದರ ಹಾಸಿ ಎಳೆದು ಬಿಗಿ ಮಾಡಿ. ನಮ್ಮಲ್ಲಿ ಮೂಲೆಗೆ ಭಾರ ಇಡಲು ಒರಳುಗುಂಡು, ತುಂಬಿದ ಬಿಂದಿಗೆ, ಕುಕ್ಕರ್, ಯಾವುದು ಸಿಕ್ಕಿದರೆ ಅದು. ಅದರ ಮೇಲೆ ಮಧ್ಯದ ಪದರ ಹಾಸಿ ಅಂಗೈಯಲ್ಲಿ ನಡುವಿಂದ ಹೊರಕ್ಕೆ ಸವರಿ, ಮೇಲಿನದನ್ನೂ ಹಾಗೇ. ಆಮೇಲೆ ನಡುವಿಂದಲೇ ಶುರು ಮಾಡಿ ಗೇಣಿಗೊಂದು ಸಾಲು ದೊಡ್ಡ ದೊಡ್ಡ ಕಚ್ಚಾ ಹೊಲಿಗೆ. ಬೇರೆ ಬಣ್ಣದ ದಾರ ಹಾಕಿ, ಕೊನೆಗೆ ಬಿಚ್ಚಲು ಸುಲಭ. ಇದಕ್ಕೇ ಒಂದು ಮಧ್ಯಾಹ್ನ ಹೋಗುತ್ತದೆ, ಹೋಗಲಿ.

ನಿಜವಾದ ಹೊಲಿಗೆಗೆ ಹತ್ತಿ ದಾರ, ಎರಡೆಳೆ. ರೀಲಿನ ಪಾಲಿಯೆಸ್ಟರ್ ದಾರ ಗಟ್ಟಿ ನಿಜ, ಆದರೆ ಬಟ್ಟೆಗಿಂತ ದಾರ ಗಟ್ಟಿಯಾದರೆ ಹಳೆ ಸೀರೆ ಹೊಲಿಗೆಯ ಗುಂಟ ಹರಿಯುತ್ತದೆ. ಗಾಂಧಿ ಬಜಾರ್ ಕಡೆ ಬಂದಾಗ ಹತ್ತಿ ದಾರ ಅಂತಲೇ ಕೇಳಿ ತಗೊಳ್ಳಿ. ದಾರ ಉದ್ದ ಒಂದೂವರೆ ಮೊಳ ಸಾಕು, ಜಾಸ್ತಿ ಆದರೆ ಸಿಕ್ಕಾಗುತ್ತದೆ. ಸಾಲಿನಿಂದ ಸಾಲಿಗೆ ಎರಡು ಬೆರಳು. ಗಂಟನ್ನು ಪದರದ ಒಳಗೆ ಎಳೆದುಕೊಳ್ಳಿ. ನೈಲೆಕ್ಸ್ ಮಾತ್ರ ಯಾವ ಪದರಕ್ಕೂ ಬೇಡ, ಜಾರಿ ಜಾರಿ ತಲೆ ಕೆಡಿಸುತ್ತದೆ. ಅದನ್ನು ಕೌದಿ ಸುತ್ತಿ ಕಟ್ಟಿಡುವ ಬಟ್ಟೆ ಮಾಡಿ, ಅಜ್ಜಿಯದೇ ಅಲ್ವಾ.

ಸಾಗರದಿಂದ:

ಮೇಲಿನ ಅಕ್ಕ ಕೆಂಪು ಸೀರೆ ಬಗ್ಗೆ ಹೇಳಲಿಲ್ಲ. ಜರಿ ಅಂಚು ಬಿಡಿಸಿ, ಮೈಗೆ ಚುಚ್ಚುತ್ತದೆ. ಬಟ್ಟೆಯನ್ನು ರಾತ್ರಿ ಬಕೆಟ್‌ನಲ್ಲಿ ನೆನೆಹಾಕಿ. ಮೂರನೇ ನೀರೂ ಕೆಂಪಾಗಿದ್ದರೆ ಆಸೆ ಬಿಡಿ. ಒಳಗಿನ ಪದರಕ್ಕೆ ಹಾಕಿದರೆ ಯಾರಿಗೂ ಕಾಣುವುದಿಲ್ಲ ಅಂತ ನಾನು ಹಾಕಿ, ಮೊದಲ ಒಗೆತಕ್ಕೇ ಅಪ್ಪನ ಬಿಳಿ ಪಂಚೆಯ ಪದರ ಪೂರಾ ಗುಲಾಬಿಯಾಗಿತ್ತು.

ಬಿಳಿ ಪಂಚೆ ಇದ್ದರೆ ಅಡಿಕೆ ಚೊಗರಿನಲ್ಲಿ, ಅಂದರೆ ಅಡಿಕೆ ಬೇಯಿಸಿದ ನೀರಿನಲ್ಲಿ, ಅದ್ದಿ ನೋಡಿ. ಕೊಯ್ಲಿನಲ್ಲಿ ಅಡಿಕೆ ಬೇಯಿಸುವ ಮನೆಯಲ್ಲಿ ಒಂದು ಚೊಂಬು ಕೇಳಿದರೆ ಕೊಡುತ್ತಾರೆ. ಅಂಗಿಗೆ ಬಿದ್ದರೆ ಜನ್ಮಕ್ಕೂ ಹೋಗದ ಬಣ್ಣ, ಬೇಕು ಅಂತ ಹಾಕಿಕೊಂಡರೆ ಎಷ್ಟು ಚಂದ! ತುಕ್ಕು ಹಿಡಿದ ಮೊಳೆ ನೆನೆಸಿದ ನೀರಿಗೆ ಆಮೇಲೆ ಅದ್ದಿದರೆ ಕಪ್ಪಿಗೆ ತಿರುಗುತ್ತದೆ. ಹೆಗ್ಗೋಡಿನ ಚರಕ ಅನ್ನುವ ಮಹಿಳಾ ಸಹಕಾರ ಸಂಘದಲ್ಲಿ ಕೈಮಗ್ಗದ ಬಟ್ಟೆಗೆ ಅಡಿಕೆ ಬಣ್ಣ ಹಾಕುವುದನ್ನು ನೋಡಿಯೇ ನನಗೆ ಈ ಹುಚ್ಚು ಹತ್ತಿದ್ದು. ನಮ್ಮ ಕಡೆ ದೀವರು ಸಮುದಾಯದವರ ಮನೆ ಗೋಡೆಯ ಹಸೆ ಚಿತ್ತಾರ ಇದೆಯಲ್ಲ, ಅದರ ನೇರ ಗೆರೆಗಳು ಕೌದಿ ಹೊಲಿಗೆಗೆ ಹೇಳಿ ಮಾಡಿಸಿದ ಹಾಗಿವೆ. ಚೊಗರು ಬಟ್ಟೆ ಮೇಲೆ ಬಿಳಿ ದಾರದಲ್ಲಿ ನಡುವಿಗೊಂದು ಹಾಕಿದ್ದೇನೆ. ಎರಡು ತಿಂಗಳು ಹಿಡಿಯಿತು.

ಹೊಸನಗರದಿಂದ:

ನನ್ನ ತವರು ಯಲ್ಲಾಪುರದ ಕಡೆ. ಅಂಚಿನಿಂದ ಶುರು ಮಾಡಿದ್ದೇ ತಪ್ಪು ಅಂದುಕೊಳ್ಳಬೇಡಿ. ಅಲ್ಲಿ ಸಿದ್ದಿ ಹೆಂಗಸರು ಹೊಲಿಯುವ ಕವಂದಿ ಅನ್ನುವ ಕೌದಿ ಶುರುವಾಗುವುದೇ ಅಂಚಿನಿಂದ, ಸುತ್ತು ಬಂದು ಬಂದು ನಡುವಿನಲ್ಲಿ ಮುಗಿಯುತ್ತದೆ. ಗುಡ್ಡ ಏಳುವುದಿಲ್ಲ ಯಾಕೆ ಅಂದರೆ ಮೇಲಿನ ಪದರ ಇಡೀ ಸೀರೆ ಅಲ್ಲ. ಅಡಿಗೆ ಸೀರೆ ಹಾಸಿ, ಮೇಲೆ ಚೂರುಗಳನ್ನು ಒಂದೊಂದಾಗಿ ಅಂಚು ಮಡಚಿ ಇಡುತ್ತಾ, ಅಲ್ಲಲ್ಲೇ ಹೊಲಿಯುತ್ತಾ ಹೋಗುತ್ತಾರೆ. ಮಿಕ್ಕಿದ್ದು ಆಯಾ ಚೂರಿನ ಮಡಿಕೆಯೊಳಗೇ ಹೋಗುತ್ತದೆ. ಕೊನೆಗೆ ನಾಲ್ಕು ಮೂಲೆಗೂ ತ್ರಿಕೋನ ಮಡಚಿದ ಬಟ್ಟೆ ಹೂವು. ಅದಿಲ್ಲದಿದ್ದರೆ ಕವಂದಿ ಬೆತ್ತಲೆ ಅನ್ನುತ್ತಾರೆ. ಮೇಲಿನ ಲೆಕ್ಕದಲ್ಲಿ ಉಳಿದ ಮೂರಡಿ ತುಂಡುಗಳಿಗೆ ಈ ವಿಧಾನವೇ ಸರಿ. ದಿಂಬಿನ ಗವಸಿನಷ್ಟು ಸಣ್ಣದು ಮಾಡಿ ನೋಡಿ, ಕೈ ಕೂರುತ್ತದೆ.

ಭದ್ರಾವತಿಯಿಂದ:

ಮೆಷಿನ್ ಬಗ್ಗೆ ಯಾರೂ ಹೇಳಲಿಲ್ಲ. ಆಗುತ್ತದೆ. ತುಂಡು ಜೋಡಿಸಲು, ಸುತ್ತ ಪಟ್ಟಿ ಕೊಡಲು ಮೆಷಿನ್ನೇ ವಾಸಿ. ಸೂಜಿ 16ನೇ ನಂಬರ್ ಹಾಕಿ, ಹೊಲಿಗೆ ದೊಡ್ಡದು ಮಾಡಿ. ಇಡೀ ಕೌದಿ ಮೆಷಿನ್ನಲ್ಲಿ ಓಡಿಸಿದೆ ನಾನು, ಎರಡು ದಿನಕ್ಕೆ ಮುಗಿಯಿತು, ಹೊದ್ದರೆ ರಟ್ಟು. ಈಗ ಅದು ಕಾರಿನ ಹಿಂದಿನ ಸೀಟಿನಲ್ಲಿದೆ, ನಾಯಿಗೆ.

ಶಿವಮೊಗ್ಗದಿಂದ ಮತ್ತೆ:

ರಟ್ಟು! ನಿಜ ನಿಜ. ಒಂದು ಮರೆತೆ, ಮಳೆಗಾಲಕ್ಕೆ ಮಡಚಿ ಇಡುವಾಗ ನಡುವೆ ಒಣಗಿದ ಲಕ್ಕಿ ಸೊಪ್ಪು ಇಡಿ. ಹಸಿ ಸೊಪ್ಪು ಇಟ್ಟು ಕಲೆ ಮಾಡಿಕೊಂಡವರು ನಮ್ಮ ಗುಂಪಿನಲ್ಲೇ ಇದ್ದಾರೆ, ಯಾರು ಅಂತ ಹೇಳುವುದಿಲ್ಲ.

ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ನಾಲ್ಕು ಸೀರೆಯಲ್ಲಿ ಎರಡು ಕೌದಿ ಅಂತ ಅಮ್ಮನಿಗೆ ಹೇಳಿದೆ, ಯಾವ ಸೀರೆ ಯಾರಿಗೆ ಅಂತ ಈಗಾಗಲೇ ಜಗಳ ಶುರುವಾಗಿದೆ. ಹಳದಿ ಚೌಕಳಿಯದು ಅವರಿಗೇ ಬೇಕಂತೆ. ಕೆಂಪು ಸೀರೆ ನಿನ್ನೆ ರಾತ್ರಿಯಿಂದ ಬಕೆಟ್‌ನಲ್ಲಿದೆ. ಎರಡನೇ ನೀರು ಚೆಲ್ಲಿದೆ, ಕೋಕಂ ಶರಬತ್ತಿನ ಹಾಗಿತ್ತು.

ಸಾಗರದಿಂದ:

ಮೂರನೇದು ನೋಡಿ ಹೇಳಿ.