ಕಿವಿಯ ಮೂರನೇ ಮೂಳೆ: ರಿಕಾಪೋ, ಜೋಕಾಲಿಯೋ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಾಲ್ಕು, ಐದನೇ ಕ್ಲಾಸಿನ ಮಕ್ಕಳಿಗೆಂದು ಕಿವಿಯ ಒಂದು ದೊಡ್ಡ ಚಿತ್ರ ಬರೆಯುತ್ತಿದ್ದೇನೆ. ಭಾಗಗಳಿಗೆ ಹೆಸರು ಹಾಕುವಾಗ ಒಂದು ಕಡೆ ಕೈ ನಿಂತಿದೆ.

'ಕಿವಿತಮಟೆ'ಯದ್ದೇನೂ ತೊಂದರೆ ಇಲ್ಲ. ದುಗ್ಗಮ್ಮನ ಜಾತ್ರೆ ನೋಡಿದ ಮಕ್ಕಳು ತಮಟೆಯನ್ನು ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡುವುದನ್ನೂ ಕಂಡಿರುತ್ತಾರೆ. ಕಿವಿಯೊಳಗೂ ಅಂಥದೇ ಬಿಗಿಯಾದ ತೆಳು ಪೊರೆ ಇದೆ, ಅದನ್ನು ಬಾರಿಸುವುದು ಕೋಲಲ್ಲ, ಗಾಳಿ ಎಂದರೆ ಸಾಕು.

ಅದರ ಹಿಂದಿನ ಮೂರು ಮೂಳೆಗಳದ್ದೇ ಫಜೀತಿ. ಸುತ್ತಿಗೆ, ಅಡಿಗಲ್ಲು, ರಿಕಾಪು. ಅಡಿಗಲ್ಲು ಎಂದ ಕೂಡಲೇ ಒಬ್ಬ ಹುಡುಗ, "ಮಂತ್ರಿಗಳು ಬಂದು ಇಡ್ತಾರಲ್ಲ, ಅದಾ ಮಿಸ್?" ಎಂದ. ಕಮ್ಮಾರರು ಕುಲುಮೆಯಲ್ಲಿ ಕಾದ ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲು ನೋಡದವನು ಇನ್ನೇನು ಅಂದುಕೊಳ್ಳಬೇಕು! ಸುತ್ತಿಗೆ ಗೊತ್ತು, ಆದರೆ ಅದು ಅಡಿಗಲ್ಲಿಗೆ ಬಡಿಯುತ್ತದೆ ಎಂದೇ ಎಲ್ಲರೂ ತಿಳಿದರು. ಬಡಿಯುವುದಿಲ್ಲ. ಮೂರೂ ಒಂದಕ್ಕೊಂದು ಕೂಡಿಕೊಂಡು ತಮಟೆಯ ಜೊತೆ ಅಲುಗುತ್ತವೆ. ಹೆಸರು ಬಂದಿರುವುದು ಆಕಾರ ನೋಡಿ.

ರಿಕಾಪು ಇನ್ನೂ ಕಷ್ಟ. ಪಾರಸಿಯ ದಾರಿಯಲ್ಲಿ ಬಂದ ಮಾತು, ಕುದುರೆ ಹತ್ತುವವರು ಕಾಲಿಡುವ ಬಳೆ. ಹಳೆಯ 'ಅಂಕವಣೆ' ಇದೆ, ಆದರೆ ಅದನ್ನು ಹೇಳಿದರೆ ಮಕ್ಕಳಿರಲಿ, ಜೊತೆಯ ಟೀಚರುಗಳೇ ನನ್ನ ಮುಖ ನೋಡುತ್ತಾರೆ. ನಮ್ಮ ಮಕ್ಕಳು ಕುದುರೆ ಕಾಣುವುದು ಮದುವೆ ಮೆರವಣಿಗೆಯಲ್ಲಿ. ಅಲ್ಲಿ ಮದುಮಗನ ಕಾಲು ಯಾರು ನೋಡುತ್ತಾರೆ?

ಸುಮ್ನೆ 'ಮೂರನೇ ಮೂಳೆ' ಎಂದು ಬರೆಯಲು ಮನಸ್ಸಿಲ್ಲ. ಮೈಯಲ್ಲೇ ತೀರಾ ಚಿಕ್ಕ ಮೂಳೆ ಇದು. ಸುಮಾರು 3 ಮಿಲಿಮೀಟರ್, ಅಕ್ಕಿ ಕಾಳಿಗಿಂತ ಕಿರಿದು. ಮೇಲೆ ಕಮಾನು, ಕೆಳಗೆ ಚಪ್ಪಟೆ ಪಾದ. ಆ ಪಾದ ಒಳಗಿವಿಯ ಪುಟ್ಟ ಕಿಂಡಿಯಲ್ಲಿ ಕೂತಿರುತ್ತದೆ. (ಕಿಂಡಿ ಎಂದರೆ ಮಕ್ಕಳ ಮನಸ್ಸು ದುರ್ಗದ ಓಬವ್ವನ ಹತ್ತಿರ ಓಡುತ್ತದೆ. ಓಡಲಿ ಬಿಡಿ.) ಕಿಂಡಿಯಾಚೆ ಬಸವನಹುಳುವಿನ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತು ಸುತ್ತಿಕೊಂಡ ಕೊಳವೆ, ಅದರ ತುಂಬ ನೀರಿನಂಥ ದ್ರವ. ಗಾಳಿ ಅಲುಗಿಸುವುದಕ್ಕಿಂತ ನೀರು ಅಲುಗಿಸಲು ಜಾಸ್ತಿ ಒತ್ತಬೇಕು, ಅಲ್ವಾ? ತಮಟೆ ಅಗಲ, ಕಿಂಡಿ ತೀರಾ ಚಿಕ್ಕದು. ಅಗಲದ ಮೇಲೆ ಬಿದ್ದ ಬಲವನ್ನು ಚಿಕ್ಕ ಜಾಗಕ್ಕೆ ತಂದು ಒತ್ತುವುದು ಈ ಪಾದವೇ.

ನನಗೆ ಹೊಳೆದದ್ದು 'ಜೋಕಾಲಿ ಮೂಳೆ'. ಪಂಚಮಿ ಹಬ್ಬಕ್ಕೆ ಕಟ್ಟುತ್ತಾರಲ್ಲ, ಅದೇ. ಮೇಲೆ ಕೂಡುವ ಎರಡು ಹಗ್ಗ, ಕೆಳಗೆ ಕೂರುವ ಮಣೆ. ಚಿತ್ರಕ್ಕೆ ಸರಿಯಾಗಿ ಹೊಂದುತ್ತದೆ. ಆದರೆ ಈ ಮೂಳೆ ಜೋಕಾಲಿಯಂತೆ ಜೀಕುವುದಿಲ್ಲ, ಕಿಂಡಿಯಲ್ಲೇ ಚೂರು ಒಳಕ್ಕೆ ಹೊರಕ್ಕೆ ಮಿಸುಕುತ್ತದೆ. ಸುತ್ತಿಗೆಯ ಎಡವಟ್ಟೇ ಮತ್ತೆ ಆದೀತೇ? ಮುಂದಿನ ಕ್ಲಾಸಿನಲ್ಲಿ ರಿಕಾಪು ಬಂದಾಗ ಗೊಂದಲವಾದೀತೇ?

ನಿಮ್ಮ ಕಡೆ ಕುದುರೆ ಸಾಕಿದವರು ರಿಕಾಪಿಗೆ ಬೇರೆ ಏನಾದರೂ ಅನ್ನುತ್ತಿದ್ದರೆ ತಿಳಿಸಿ. ಹಾಗೆಯೇ ಅಡಿಗಲ್ಲಿಗೂ ಒಂದು ಪದ ಬೇಕು. ಮಂತ್ರಿಗಳನ್ನು ಕಿವಿಯಿಂದ ಹೊರಗೆ ಕಳಿಸಬೇಕಿದೆ.