41ರಲ್ಲಿ ವುಯೆಲ್ಟಾ ಗೆದ್ದ ಕ್ರಿಸ್ ಹಾರ್ನರ್‌ಗೆ ಮುಂದೆ ದೊಡ್ಡ ತಂಡಗಳ ಬಾಗಿಲು ಯಾಕೆ ತೆರೆಯಲಿಲ್ಲ?

ಎಂಟುಗೇರು ಕೇಳಿದ್ದು:

ಸ್ಪೇನಿನ ಮೂರು ವಾರದ ಸೈಕಲ್ ರೇಸ್ ವುಯೆಲ್ಟಾ ಎಸ್ಪಾನ್ಯಾವನ್ನು 2013ರಲ್ಲಿ ಗೆದ್ದಾಗ ಅಮೆರಿಕದ ಕ್ರಿಸ್ ಹಾರ್ನರ್‌ಗೆ 41 ವರ್ಷ. ಇನ್ನೈದು ವಾರಕ್ಕೆ 42 ತುಂಬುತ್ತಿತ್ತು. ಎರಡನೇ ಸ್ಥಾನದ ನಿಬಾಲಿಗಿಂತ 37 ಸೆಕೆಂಡ್ ಮುಂದಿದ್ದ. ಅಲ್ಲಿಯವರೆಗೆ ಗ್ರ್ಯಾಂಡ್ ಟೂರ್ (ವುಯೆಲ್ಟಾ, ಟೂರ್ ಡಿ ಫ್ರಾನ್ಸ್, ಇಟಲಿಯ ಜಿರೋ ಅನ್ನುವ ಮೂರು ದೊಡ್ಡ ರೇಸು) ಗೆದ್ದವರಲ್ಲಿ ಅತಿ ಹಿರಿಯ ಅಂದರೆ 1922ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದ ಫಿರ್ಮಿನ್ ಲಾಂಬೋ, ವಯಸ್ಸು 36. ಆ ದಾಖಲೆಯನ್ನು ಹಾರ್ನರ್ ಐದು ವರ್ಷದಷ್ಟು ಮುಂದಕ್ಕೆ ತಳ್ಳಿದ.

ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಅವನು ಯಾವತ್ತೂ ಸಿಕ್ಕಿಬಿದ್ದಿಲ್ಲ, ಶಿಕ್ಷೆಯೂ ಆಗಿಲ್ಲ. ಆದರೂ ಗೆದ್ದ ಮರುದಿನದಿಂದಲೇ ಅನುಮಾನ ಶುರುವಾಯಿತು, ನಾಲ್ಕು ತಿಂಗಳು ತಂಡವೇ ಸಿಗಲಿಲ್ಲ. ಮೂರು ವಿಷಯ ತಿಳೀಬೇಕು:

1. ಅವನೇ ಪ್ರಕಟಿಸಿದ ಬ್ಲಡ್ ಪಾಸ್‌ಪೋರ್ಟ್ (ವರ್ಷಗಟ್ಟಲೆ ತೆಗೆದ ರಕ್ತಪರೀಕ್ಷೆಗಳ ದಾಖಲೆ) ಅಂಕಿಗಳಿಂದ ಏನನ್ನಾದರೂ ಖಚಿತವಾಗಿ ಹೇಳಬಹುದಾ?
2. ಹತ್ತುವ ವೇಗದಿಂದ ವ್ಯಾಟ್ ಲೆಕ್ಕ ಹಾಕಿ "ಇದು ಸಾಧ್ಯವೇ ಇಲ್ಲ" ಅನ್ನುವವರ ಮಾತು ಎಷ್ಟು ಗಟ್ಟಿ?
3. ಒಪ್ಪಂದ ಸಿಗದಿರುವುದಕ್ಕೆ ಅನುಮಾನ ಕಾರಣವೋ, ವಯಸ್ಸು ಕಾರಣವೋ?

ರಕ್ತಲೆಕ್ಕ:

ಮೊದಲನೇ ಪ್ರಶ್ನೆಗೆ ಮಾತ್ರ ಉತ್ತರಿಸ್ತೀನಿ. ಹಾರ್ನರ್ ಅವರು 2008ರಿಂದ 2013ರವರೆಗಿನ ತಮ್ಮ ಅಂಕಿಗಳನ್ನು ಜಾಲತಾಣದಲ್ಲಿ ಹಾಕಿದರು. ಆಮೇಲೆ ನಡೆದ ಚರ್ಚೆಯಲ್ಲಿ ಹೆಚ್ಚಿನವರು ಎರಡೇ ಕಾಲಂ ನೋಡಿದರು. ಹಿಮೋಗ್ಲೋಬಿನ್ ಒಂದು, ರೆಟಿಕ್ಯುಲೋಸೈಟ್ ಅಂದರೆ ಆಗತಾನೇ ಮಜ್ಜೆಯಿಂದ ಹೊರಬಂದ ಎಳೆಯ ಕೆಂಪುಕಣಗಳ ಶೇಕಡಾವಾರು ಇನ್ನೊಂದು. ಇವೆರಡನ್ನೂ ಸೇರಿಸಿ ಆಫ್-ಸ್ಕೋರ್ ತೆಗೀತಾರೆ. ಲೀಟರಿಗೆ ಇಷ್ಟು ಗ್ರಾಂ ಅಂತ ಹಿಮೋಗ್ಲೋಬಿನ್ ಬರೆದುಕೊಳ್ಳಿ. ರೆಟಿಕ್ಯುಲೋಸೈಟ್ ಶೇಕಡಾವಾರಿನ ವರ್ಗಮೂಲವನ್ನು 60ರಿಂದ ಗುಣಿಸಿ ಅದರಿಂದ ಕಳೆಯಿರಿ. ಹಿಮೋಗ್ಲೋಬಿನ್ 150, ರೆಟಿಕ್ 1.0 ಇದ್ದರೆ ಸ್ಕೋರ್ 90. ಹಿಮೋಗ್ಲೋಬಿನ್ 160, ರೆಟಿಕ್ 0.4 ಇದ್ದರೆ ಸುಮಾರು 122.

ಎರಡನೆಯ ತರಹದ ಅಂಕಿ ಯಾಕೆ ಕಣ್ಣಿಗೆ ಬೀಳುತ್ತೆ ಅಂದರೆ, ಇಪಿಒ (ಕೆಂಪುಕಣ ಹೆಚ್ಚಿಸುವ ಹಾರ್ಮೋನ್ ಮದ್ದು) ತಗೊಂಡು ನಿಲ್ಲಿಸಿದಾಗ ಅಥವಾ ತೆಗೆದಿಟ್ಟ ರಕ್ತವನ್ನು ಮತ್ತೆ ಏರಿಸಿಕೊಂಡಾಗ ದೇಹಕ್ಕೆ "ಕೆಂಪುಕಣ ಸಾಕಷ್ಟಿದೆ" ಅನ್ನುವ ಸಂದೇಶ ಹೋಗುತ್ತೆ. ಮಜ್ಜೆ ಉತ್ಪಾದನೆ ತಗ್ಗಿಸುತ್ತೆ. ಹಿಮೋಗ್ಲೋಬಿನ್ ಮೇಲಿರುತ್ತೆ, ಎಳೆಕಣ ಕೆಳಗಿಳಿಯುತ್ತೆ. ಸಣ್ಣ ಸಣ್ಣ ಪ್ರಮಾಣದಲ್ಲಿ ಪದೇ ಪದೇ ಇಪಿಒ ತಗೊಂಡರೆ ಈ ಏರಿಳಿತ ಮುಚ್ಚಿಹೋಗಬಹುದು. ಹಾಗಾಗಿ ಪಾಸ್‌ಪೋರ್ಟ್ ಶುದ್ಧವಾಗಿ ಕಂಡರೆ ಆಟಗಾರ ಶುದ್ಧ ಅಂತ ರುಜುವಾತಾಗಲ್ಲ. ವಿಚಿತ್ರವಾಗಿ ಕಂಡರೆ ಕಳ್ಳ ಅಂತಲೂ ಅಲ್ಲ.

ಹಾರ್ನರ್ ವಿಷಯದಲ್ಲಿ ಜನ ಮುಖ್ಯವಾಗಿ ಹುಡುಕಿದ್ದು ಮೂರು ವಾರದ ರೇಸಿನ ಒಳಗೆ ಅಂಕಿಗಳ ಏರಿಳಿತವನ್ನು. ದಿನಾ ನಾಲ್ಕೈದು ಗಂಟೆ ಬಿಸಿಲಲ್ಲಿ ತುಳಿದರೆ ದೇಹ ಪ್ಲಾಸ್ಮಾ, ಅಂದರೆ ರಕ್ತದ ನೀರಿನ ಭಾಗ, ಹೆಚ್ಚಿಸಿಕೊಳ್ಳುತ್ತೆ, ರಕ್ತ ತೆಳುವಾಗುತ್ತೆ. ಕಣಗಳ ಒಟ್ಟು ಲೆಕ್ಕ ಅಷ್ಟೇ ಇದ್ದರೂ ಹಿಮೋಗ್ಲೋಬಿನ್ ಸಾಂದ್ರತೆ ವಾರದಿಂದ ವಾರಕ್ಕೆ ಇಳಿಯಬೇಕು. ಇಳಿಯದಿದ್ದರೆ ಪ್ರಶ್ನೆ ಕೇಳೋದು ನ್ಯಾಯ. ಆದರೆ ಅದಕ್ಕೆ ಬೇರೆ ಕಾರಣಗಳೂ ಇರಬಹುದು: ಹಿಂದಿನ ದಿನದ ನಿರ್ಜಲೀಕರಣ, ಭೇದಿ, ಎತ್ತರದ ಜಾಗದಲ್ಲಿ ವಾಸ, ಸ್ಯಾಂಪಲ್ ಕೊಡುವ ಮೊದಲು ಕೂತಿದ್ದನೋ ನಿಂತಿದ್ದನೋ ಅನ್ನೋದು. ನಿಂತಿದ್ದರೆ ಪ್ಲಾಸ್ಮಾ ಕಾಲಿನ ಕಡೆ ಸೋರಿ ಅಂಕಿ ಏರುತ್ತೆ. ಅದಕ್ಕೇ ಕನಿಷ್ಠ 10 ನಿಮಿಷ ಕೂರಿಸಿ ಆಮೇಲೆ ಸೂಜಿ ಹಾಕಬೇಕು ಅನ್ನುವ ನಿಯಮ. ಆ ಕಾಲದಲ್ಲಿ ವ್ಯಾಯಾಮ ಮುಗಿದು ಎರಡು ಗಂಟೆ ಕಾಯಬೇಕು ಅಂತಲೂ ಇತ್ತು.

ಹೊರಗಿನಿಂದ ನೋಡುವ ನಮಗೆ ಸಿಗೋದು ಅಂಕಿ ಮಾತ್ರ. ಎತ್ತರದ ವಾಸದ ಘೋಷಣೆ, ಸಾಗಣೆಯ ತಾಪಮಾನ, ಯಂತ್ರದ ಅಂದಿನ ಹೊಂದಾಣಿಕೆ ಯಾವುದೂ ನಮ್ಮ ಕೈಗೆ ಬರಲ್ಲ. ಒಳಗಿನ ವ್ಯವಸ್ಥೆಯಲ್ಲಿ ಹೆಸರು ಮುಚ್ಚಿದ ಕಡತವನ್ನು ಮೂವರು ತಜ್ಞರು ನೋಡ್ತಾರೆ. ಮೂವರೂ ಒಮ್ಮತದಿಂದ "ಡೋಪಿಂಗ್ ಸಾಧ್ಯತೆ ಹೆಚ್ಚು" ಅಂದಾಗ ಆಟಗಾರನ ವಿವರಣೆ ಕೇಳಿ, ಅದನ್ನೂ ತೂಗಿ ನೋಡಿದ ಮೇಲೆಯೇ ಪ್ರಕರಣ ದಾಖಲು. ಬ್ರಿಟನ್ನಿನ ಸವಾರ ಜೊನಾಥನ್ ಟಿಯರ್ನನ್-ಲಾಕ್‌ಗೆ 2014ರಲ್ಲಿ ಎರಡು ವರ್ಷ ನಿಷೇಧ ಬಿದ್ದದ್ದು ಇದೇ ದಾರಿಯಲ್ಲಿ. ಹಾರ್ನರ್ ಮೇಲೆ ಅಂಥ ಪ್ರಕರಣ ದಾಖಲಾಗಿಲ್ಲ. ವಾಡಾ (ವಿಶ್ವ ಉದ್ದೀಪನ ತಡೆ ಸಂಸ್ಥೆ) 2015ರಲ್ಲಿ ತಂದ ಸಂಹಿತೆ ಪ್ರಕಾರ ಹಳೇ ಸ್ಯಾಂಪಲ್ ಮೇಲೆ ಕ್ರಮಕ್ಕೆ 10 ವರ್ಷ ಗಡುವು. 2013ರ ವುಯೆಲ್ಟಾದ ಮಟ್ಟಿಗೆ ಆ ಗಡುವು 2023ರ ಸೆಪ್ಟೆಂಬರ್‌ಗೇ ಮುಗಿದಿದೆ.

ಘಾಟಿರಸ್ತೆ:

ವ್ಯಾಟ್ ಲೆಕ್ಕ ಹಾಕುವವರು ದೋಷದ ಅಂಚನ್ನು ಬರೆಯೋದೇ ಇಲ್ಲ. ಅದೇ ದೊಡ್ಡ ತಪ್ಪು. ಒಂದು ಉದಾಹರಣೆ ಮಾಡಿ ನೋಡೋಣ. ಇದು ಹಾರ್ನರ್‌ನ ಅಂಕಿ ಅಲ್ಲ, ಮಾದರಿ ಮಾತ್ರ.

ಸವಾರ 64 ಕೆ.ಜಿ., ಸೈಕಲ್ಲು, ಬಟ್ಟೆ, ಬಾಟಲಿ ಸೇರಿ ಇನ್ನು 8. ಒಟ್ಟು 72. ಏರು ಶೇ. 10, ವೇಗ ಗಂಟೆಗೆ 18 ಕಿ.ಮೀ., ಅಂದರೆ ಸೆಕೆಂಡಿಗೆ 5 ಮೀಟರ್. ಗುರುತ್ವದ ವಿರುದ್ಧ ಸುಮಾರು 351 ವ್ಯಾಟ್, ಟೈರಿನ ಉರುಳು ಪ್ರತಿರೋಧಕ್ಕೆ 14, ಗಾಳಿಗೆ 22. ಚೈನಿನಲ್ಲಿ ಶೇ. 2.5 ಪೋಲಾಗುತ್ತೆ ಅಂದುಕೊಂಡರೆ ಪೆಡಲಿನಲ್ಲಿ 397 ವ್ಯಾಟ್ ಬೇಕು. ಕೆ.ಜಿ.ಗೆ 6.2. ಈಗ ಹಿಂದಿನಿಂದ ಸೆಕೆಂಡಿಗೆ 2 ಮೀಟರ್ ಗಾಳಿ ಬೀಸ್ತಿದೆ ಅನ್ನಿ. ಮರದೆಲೆ ಅಲ್ಲಾಡುವಷ್ಟು, ಅಷ್ಟೇ. ಗಾಳಿಯ ಪಾಲು 22ರಿಂದ 8ಕ್ಕೆ ಇಳಿಯುತ್ತೆ, ಉತ್ತರ 6.0 ಆಗುತ್ತೆ. ಅಷ್ಟು ಸಣ್ಣ ಗಾಳಿ ಟಿವಿಯಲ್ಲಿ ಕಾಣೋದೇ ಇಲ್ಲ. ಆದರೆ ಜಾಲತಾಣಗಳಲ್ಲಿ "ಮನುಷ್ಯಮಾತ್ರದವನಿಗೆ ಸಾಧ್ಯ" ಮತ್ತು "ಅಸಾಧ್ಯ" ಅಂತ ಜಗಳ ನಡೆಯೋದು ಇದೇ 0.2ರ ಮೇಲೆ. ಶೇ. 5ರ ಏರಿನಲ್ಲಿ, ವೇಗ ಜಾಸ್ತಿ ಇರುವ ಕಡೆ, ದೋಷ ಇನ್ನೂ ದೊಡ್ಡದು. ಬೇರೆಯವನ ಹಿಂದೆ ಅವಿತು ಬಂದರೆ ಲೆಕ್ಕವೇ ಬೇರೆ.

ಆ ವರ್ಷದ ವುಯೆಲ್ಟಾದಲ್ಲಿ ನನಗೆ ಮುಖ್ಯ ಅನ್ನಿಸೋದು ಯಾರು ಎಷ್ಟು ದಣಿದು ಬಂದಿದ್ದರು ಅನ್ನೋದು. ನಿಬಾಲಿ ಮೇ ತಿಂಗಳಲ್ಲಿ ಜಿರೋ ಗೆದ್ದು ಬಂದಿದ್ದ, ಸೆಪ್ಟೆಂಬರ್ ಕೊನೆಗೆ ಫ್ಲಾರೆನ್ಸ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್ ಬಾಕಿ ಇತ್ತು. ಸ್ಪೇನಿನ ಪೈಪೋಟಿಗಾರರಾದ ವಾಲ್ವರ್ದೆ, ರೊದ್ರಿಗೆಸ್ ಇಬ್ಬರೂ ಜುಲೈನ ಟೂರ್ ಮುಗಿಸಿದ್ದವರು. ಹಾರ್ನರ್ ಮೊಣಕಾಲಿನ ತೊಂದರೆ, ಶಸ್ತ್ರಚಿಕಿತ್ಸೆಯಿಂದಾಗಿ ಮಾರ್ಚ್ ಆದ ಮೇಲೆ ಆಗಸ್ಟ್‌ವರೆಗೆ ರೇಸ್ ಮಾಡಿರಲೇ ಇಲ್ಲ. ಯೂಟಾ ಟೂರ್‌ನಲ್ಲಿ ಎರಡನೇ ಸ್ಥಾನ ಪಡೆದು ನೇರ ಸ್ಪೇನಿಗೆ ಬಂದ. ವಯಸ್ಸಾದಂತೆ ಮೊದಲು ಹೋಗೋದು ಸ್ಪ್ರಿಂಟಿನ ಸಿಡಿತ, ಆಮೇಲೆ ರೇಸಿನಿಂದ ರೇಸಿಗೆ ಚೇತರಿಸಿಕೊಳ್ಳುವ ವೇಗ. ಒಂದೇ ಸಮನೆ ಹತ್ತುವ ಶಕ್ತಿ ತಡವಾಗಿ ಹೋಗುತ್ತೆ. ಹಾಗಾಗಿ ವರ್ಷಕ್ಕೆ ಒಂದೇ ಗುರಿ, ಕಡಿದಾದ ಏರುಗಳು, ತಾಜಾ ಕಾಲು ಇದ್ದರೆ ಹಿರಿಯನಿಗೆ ಅದಕ್ಕಿಂತ ಒಳ್ಳೇ ಅವಕಾಶ ಇಲ್ಲ. 20ನೇ ಹಂತದಲ್ಲಿ ಆಂಗ್ಲಿರು ಬೆಟ್ಟ ಹತ್ತುವ ಮೊದಲು ಅವನಿಗಿದ್ದ ಮುನ್ನಡೆ ಬರೀ 3 ಸೆಕೆಂಡ್. ನಿಬಾಲಿ ಮತ್ತೆ ಮತ್ತೆ ದಾಳಿ ಮಾಡಿದ, ಪ್ರತಿ ಸಲವೂ ಹಾರ್ನರ್ ಪೆಡಲ್ ಮೇಲೆ ನಿಂತು ಅವನನ್ನು ಮುಟ್ಟಿದ. ಇದರಿಂದ ಅವನು ಮದ್ದು ಮುಟ್ಟಿಲ್ಲ ಅಂತ ಸಾಬೀತಾಗಲ್ಲ. ಆದರೆ "ವಿವರಣೆಯೇ ಇಲ್ಲ" ಅನ್ನೋದು ಸುಳ್ಳು.

ಎಂಟುಗೇರು:

ಇಬ್ಬರಿಗೂ ಧನ್ಯವಾದ. ಗೆದ್ದ ಮರುದಿನ ಪರೀಕ್ಷಕರ ಕೈಗೆ ಸಿಗಲಿಲ್ಲ ಅನ್ನುವ ಸುದ್ದಿ ಇತ್ತಲ್ಲ, ಅದೇನು? ಮತ್ತೆ 2014ರ ವುಯೆಲ್ಟಾಗೆ ಹಿಂದಿನ ವರ್ಷದ ವಿಜೇತನಾಗಿದ್ದರೂ ಇಳಿಯಲಿಲ್ಲ. ಅದಕ್ಕೂ ಮದ್ದಿನ ನಿಯಮವೇ ಕಾರಣವಾ?

ನಿಯಮಪುಸ್ತಕ:

ಎರಡೂ ಬೇರೆ ಬೇರೆ ಸಂಗತಿ ಸಾರ್, ಎರಡನ್ನೂ ಸೇರಿಸಿ ಹೇಳಿದ್ದರಿಂದಲೇ ಅವರ ಹೆಸರಿಗೆ ಮಸಿ ಜಾಸ್ತಿ ಹತ್ತಿತು.

ಗೆದ್ದ ಮರುದಿನ ಮ್ಯಾಡ್ರಿಡ್‌ನಲ್ಲಿ ಪರೀಕ್ಷಕರಿಗೆ ಸಿಗದ ಸಂಗತಿ ಹೀಗೆ. ಮದ್ದಿನ ಪರೀಕ್ಷೆಗೆ ಒಳಪಡುವವರ ನೋಂದಾಯಿತ ಪಟ್ಟಿಯಲ್ಲಿರುವ ಆಟಗಾರ ಮುಂದಿನ ಮೂರು ತಿಂಗಳ ಪ್ರತಿ ದಿನಕ್ಕೂ ಎಲ್ಲಿ ಮಲಗ್ತೀನಿ ಅನ್ನೋದರ ಜೊತೆಗೆ ಖಂಡಿತ ಸಿಗುವ 60 ನಿಮಿಷವನ್ನು ಮೊದಲೇ ತುಂಬಿಡಬೇಕು. ಊರು ಬದಲಾದರೆ ಆ 60 ನಿಮಿಷ ಶುರುವಾಗುವ ಮೊದಲು ತಿದ್ದಬಹುದು. ಹಾರ್ನರ್ ತಂಡದ ಹೋಟೆಲ್ ಬಿಟ್ಟು ಹೆಂಡತಿ ಇದ್ದ ಹೋಟೆಲ್‌ಗೆ ಹೋಗುವುದನ್ನು ಅಮೆರಿಕದ ಉದ್ದೀಪನ ತಡೆ ಸಂಸ್ಥೆಗೆ ಮೊದಲೇ ತಿಳಿಸಿದ್ದರು. ಆ ಸಂಸ್ಥೆಯ ಪರವಾಗಿ ಹೋದ ಸ್ಪೇನಿನ ಪರೀಕ್ಷಕರು ಹಳೇ ಹೋಟೆಲ್‌ಗೆ ಹೋದರು. ಅದನ್ನು ತಪ್ಪಿದ ಪರೀಕ್ಷೆ ಅಂತ ಲೆಕ್ಕಕ್ಕೆ ಹಿಡಿಯಲಿಲ್ಲ. ಹಿಡಿದಿದ್ದರೂ ಒಂದಕ್ಕೆ ಶಿಕ್ಷೆ ಇಲ್ಲ. ಆಗ 18 ತಿಂಗಳಲ್ಲಿ ಮೂರು ಸಲ ತಪ್ಪಿದರೆ ಪ್ರಕರಣ. 2015ರಿಂದ ಅದು 12 ತಿಂಗಳಿಗೆ ಬಿಗಿಯಾಯಿತು. ನಮ್ಮ ನಾಡಾ (ರಾಷ್ಟ್ರೀಯ ಉದ್ದೀಪನ ತಡೆ ಸಂಸ್ಥೆ) ಪಟ್ಟಿಯಲ್ಲಿರುವ ಅಥ್ಲೀಟ್‌ಗಳಿಗೂ ಇದೇ ಪದ್ಧತಿ.

2014ರಲ್ಲಿ ಇಳಿಯದಿರಲು ಕಾರಣ ಕಾರ್ಟಿಸಾಲ್, ಅಂದರೆ ದೇಹ ಒತ್ತಡ ತಡೆಯಲು ಬೇಕಾದ ಹಾರ್ಮೋನ್. ಶ್ವಾಸನಾಳದ ಸೋಂಕಿಗೆ ಚಿಕಿತ್ಸೆಯ ವಿನಾಯಿತಿ ಪತ್ರ (ನಿರ್ಬಂಧಿತ ಮದ್ದು ಬಳಸಲು ಅನುಮತಿ) ಪಡೆದು ಕಾರ್ಟಿಸೋನ್ ತಗೊಂಡರು. ಹೊರಗಿನಿಂದ ಕಾರ್ಟಿಸೋನ್ ಬಂದಾಗ ಅಡ್ರಿನಲ್ ಗ್ರಂಥಿ ತನ್ನ ಕೆಲಸ ನಿಲ್ಲಿಸುತ್ತೆ, ರಕ್ತದಲ್ಲಿ ಕಾರ್ಟಿಸಾಲ್ ಕುಸಿಯುತ್ತೆ. ಆ ಸ್ಥಿತಿಯಲ್ಲಿ ಬಿದ್ದು ಪೆಟ್ಟಾದರೆ ದೇಹಕ್ಕೆ ಒತ್ತಡ ತಡೆಯುವ ಶಕ್ತಿ ಇರಲ್ಲ, ಜೀವಕ್ಕೇ ಅಪಾಯ. ಯುಸಿಐ (ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ) ನಿಯಮ ಅವರನ್ನು ತಡೆಯುತ್ತಿರಲಿಲ್ಲ. ಆದರೆ ಅವರ ಲಾಂಪ್ರೆ-ಮೆರಿಡಾ ತಂಡ ಎಂಪಿಸಿಸಿ ಅನ್ನುವ ಒಕ್ಕೂಟದ ಸದಸ್ಯ. ತಂಡಗಳು ಸ್ವಯಂ ಇಚ್ಛೆಯಿಂದ ಸೇರುವ ಈ ಒಕ್ಕೂಟದ ನಿಯಮ ಯುಸಿಐಗಿಂತ ಕಟ್ಟುನಿಟ್ಟು: ಕಾರ್ಟಿಸಾಲ್ ಕಡಿಮೆ ಇದ್ದರೆ ಕನಿಷ್ಠ 8 ದಿನ ರೇಸ್ ಇಲ್ಲ. ರೇಸ್ ಶುರುವಾಗುವ ಹಿಂದಿನ ದಿನ ತಂಡ ಹೆಸರು ಹಿಂದಕ್ಕೆ ತೆಗೆಯಿತು. ಬದಲಿ ಆಟಗಾರನಿಗೂ ಹೊತ್ತು ಮೀರಿತ್ತು. ಸ್ಪರ್ಧೆಯ ಅವಧಿಯಲ್ಲಿ ಎಲ್ಲ ಬಗೆಯ ಚುಚ್ಚುಮದ್ದಿನ ಗ್ಲುಕೊಕಾರ್ಟಿಕಾಯ್ಡ್‌ಗೂ ವಾಡಾ ನಿಷೇಧ ಬಂದದ್ದು 2022ರ ಜನವರಿಯಲ್ಲಿ. ಎಂಪಿಸಿಸಿ ಆ ದಿಕ್ಕಿನಲ್ಲಿ ಎಷ್ಟೋ ಮುಂಚೆಯೇ ನಡೆದಿತ್ತು. ನನ್ನ ಅಭಿಪ್ರಾಯದಲ್ಲಿ ಅವತ್ತು ತಂಡ ಮಾಡಿದ್ದು ಸರಿ.

ಕೊನೇಕಿಲೋಮೀಟರ್:

ಮೂರನೇ ಪ್ರಶ್ನೆಗೆ ಬರ್ತೀನಿ. ಅನುಮಾನವೋ ವಯಸ್ಸೋ ಅಂತ ಒಂದನ್ನೇ ಆರಿಸೋಕೆ ಹೋದರೆ ಸಿಕ್ಕಿಹಾಕಿಕೊಳ್ತೀರಿ. ಮೊದಲು ಕ್ಯಾಲೆಂಡರ್ ನೋಡಿ. ವೃತ್ತಿಪರ ಒಪ್ಪಂದಗಳು ಡಿಸೆಂಬರ್ 31ಕ್ಕೆ ಮುಗಿಯುತ್ತವೆ, ಮುಂದಿನ ವರ್ಷದ ಸಹಿಗಳು ಆಗಸ್ಟ್ 1ರಿಂದ ಅಧಿಕೃತವಾಗಿ ಶುರು. ವುಯೆಲ್ಟಾ ಮುಗಿದದ್ದು ಸೆಪ್ಟೆಂಬರ್ 15ಕ್ಕೆ. ಅಷ್ಟರಲ್ಲಿ ದೊಡ್ಡ ತಂಡಗಳ ಬಜೆಟ್ ಹೆಚ್ಚುಕಡಿಮೆ ಹಂಚಿಹೋಗಿರುತ್ತೆ. ಹಾರ್ನರ್ ಆಗಸ್ಟ್‌ನಲ್ಲಿ ನೋಡಿದರೆ ಮೊಣಕಾಲು ಕೊಯ್ಯಿಸಿಕೊಂಡು ಬಂದಿದ್ದ 41ರ ಮುದುಕ, ಸೆಪ್ಟೆಂಬರ್‌ನಲ್ಲಿ ಗ್ರ್ಯಾಂಡ್ ಟೂರ್ ವಿಜೇತ. ಬೆಲೆ ಏರಿದಾಗ ಕೊಳ್ಳುವವರ ಕೈ ಬರಿದಾಗಿತ್ತು.

ಎರಡನೇದು, ಅದೇ ವರ್ಷದ ಕೊನೆಗೆ ಯೂಸ್ಕಾಲ್ಟೆಲ್ ಮತ್ತು ವಕಾನ್ಸೊಲೇ ಎರಡೂ ತಂಡ ಮುಚ್ಚಿದವು. ಎರಡು ತಂಡದ ಸವಾರರು ಒಟ್ಟಿಗೆ ಮಾರುಕಟ್ಟೆಗೆ ಬಿದ್ದರು, ಅರ್ಧ ಸಂಬಳಕ್ಕೂ ಸಿದ್ಧವಿದ್ದರು. ಅವನದೇ ರೇಡಿಯೋಶಾಕ್ ತಂಡದ ಪರವಾನಗಿ ಟ್ರೆಕ್ ಕಂಪನಿಗೆ ಹೋಗಿ ತಂಡ ಹೊಸ ಹೆಸರಲ್ಲಿ ಶುರುವಾಯಿತು. ಅವನಿಗೆ ಅಲ್ಲಿ ಜಾಗ ಆಗಲಿಲ್ಲ.

ಮೂರನೇದು ಪ್ರಾಯೋಜಕರು. ಸೈಕ್ಲಿಸ್ಟ್ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಮದ್ದು ತಗೊಂಡದ್ದರ ಕುರಿತ ಅಮೆರಿಕದ ವರದಿ 2012ರ ಅಕ್ಟೋಬರ್‌ನಲ್ಲಿ ಬಂತು, ರಾಬೊಬ್ಯಾಂಕ್ ತನ್ನ ತಂಡದ ಪ್ರಾಯೋಜಕತ್ವವನ್ನು ತಕ್ಷಣ ಕೈಬಿಟ್ಟಿತು, 2013ರ ಜನವರಿಯಲ್ಲಿ ಆರ್ಮ್‌ಸ್ಟ್ರಾಂಗ್ ಟಿವಿಯಲ್ಲಿ ಒಪ್ಪಿಕೊಂಡ. ಅದಾದ ಎಂಟು ತಿಂಗಳಿಗೆ ಅದೇ ತಲೆಮಾರಿನ, ಆರ್ಮ್‌ಸ್ಟ್ರಾಂಗ್ ಜೊತೆ ಒಂದೇ ತಂಡದಲ್ಲಿ ಇದ್ದ ಅಮೆರಿಕನ್ ಗೆಲ್ತಾನೆ. ತಂಡದ ಮ್ಯಾನೇಜರ್ ತಲೆಯೊಳಗಿನ ಲೆಕ್ಕ ಸರಳ. ಈತ ಕೊಡೋದು ಹೆಚ್ಚಂದ್ರೆ ಒಂದು ಸೀಸನ್. ಪತ್ರಿಕಾಗೋಷ್ಠಿಯಲ್ಲಿ ಮೊದಲ ಪ್ರಶ್ನೆ ಪ್ರತಿ ಸಲ ಅದೇ. ಏನಾದರೂ ಹೊರಬಿದ್ದರೆ 25 ಜನರ ಸಂಬಳ ಹೋಗುತ್ತೆ. 26ರ ಹುಡುಗನ ಮೇಲೆ ಅನುಮಾನ ಬಂದರೆ ಮುಂದಿನ ಐದು ವರ್ಷದ ಆಸೆಗೆ ತಂಡ ಕಾಯುತ್ತೆ. ರೋಮನ್ ಕ್ರೂಜಿಗರ್‌ನನ್ನು ಪಾಸ್‌ಪೋರ್ಟ್ ಪ್ರಕರಣದಲ್ಲಿ 2014ರ ಟೂರ್‌ನಿಂದ ಹೊರಗಿಟ್ಟರು, 2015ರ ಜೂನ್‌ನಲ್ಲಿ ಯುಸಿಐ ಪ್ರಕರಣ ಕೈಬಿಟ್ಟಿತು, ಅವನು ಮತ್ತೆ ವರ್ಷಗಟ್ಟಲೆ ಓಡಿಸಿದ. ಹಾರ್ನರ್‌ಗೆ ಕಾಯುವಷ್ಟು ವಯಸ್ಸೇ ಉಳಿದಿರಲಿಲ್ಲ.

ಜನವರಿ ಕೊನೆಗೆ ಲಾಂಪ್ರೆ ಕೈಹಿಡಿಯಿತು. ಏಪ್ರಿಲ್‌ನಲ್ಲಿ ಇಟಲಿಯ ಕೋಮೋ ಸರೋವರದ ಹತ್ತಿರ ಸುರಂಗದಲ್ಲಿ ಕಾರು ಹೊಡೆದು ಪಕ್ಕೆಲುಬು ಮುರಿದು, ಶ್ವಾಸಕೋಶಕ್ಕೆ ತೂತಾಯಿತು. ಜಿರೋ ತಪ್ಪಿತು. ಆದರೂ ಜುಲೈನ ಟೂರ್‌ನಲ್ಲಿ 17ನೇ ಸ್ಥಾನ. ನನ್ನ ಕಣ್ಣಿಗೆ ಅದು ವುಯೆಲ್ಟಾ ಗೆಲುವಿಗಿಂತ ಕಡಿಮೆ ಸಾಧನೆ ಅಲ್ಲ. 2015ರಲ್ಲಿ ಅಮೆರಿಕದ ಮೂರನೇ ದರ್ಜೆಯ ಏರ್‌ಗ್ಯಾಸ್-ಸೇಫ್‌ವೇ ತಂಡ. ಆ ದರ್ಜೆಗೆ ಇಳಿದರೆ ವರ್ಲ್ಡ್‌ಟೂರ್ ಅನ್ನುವ ಅತಿ ಮೇಲ್ದರ್ಜೆಯ ರೇಸುಗಳು ಮುಚ್ಚಿದಂತೆ, ಉಳಿದವಕ್ಕೆ ಸಂಘಟಕರ ಆಹ್ವಾನ ಬೇಕು. 2011ರಲ್ಲಿ ತಾನೇ ಗೆದ್ದಿದ್ದ ಕ್ಯಾಲಿಫೋರ್ನಿಯಾ ಟೂರ್‌ಗೆ ಆ ವರ್ಷ ಅವನ ತಂಡವನ್ನು ಕರೆಯಲಿಲ್ಲ.

ಎಂಟುಗೇರು:

ಹಾಗಾದ್ರೆ ವಾಲ್ವರ್ದೆ? ಅವನಿಗೆ ನಿಜಕ್ಕೂ ನಿಷೇಧ ಆಗಿತ್ತು. ಆದರೂ 42ರವರೆಗೆ ಅದೇ ತಂಡ.

ಕೊನೇಕಿಲೋಮೀಟರ್:

ಹೌದು, ಪೂರ್ತಿ ಚರ್ಚೆಯಲ್ಲಿ ಜನ ಮರೆಯುವ ಹೋಲಿಕೆ ಇದೇ. ಸ್ಪೇನ್ ಪೊಲೀಸರ ಉದ್ದೀಪನ ತನಿಖೆ ಆಪರೇಶನ್ ಪ್ಯುರ್ತೋದಲ್ಲಿ ಸಿಕ್ಕ 18ನೇ ನಂಬರಿನ ರಕ್ತದ ಚೀಲ, 2008ರ ಟೂರ್ ಇಟಲಿಯೊಳಗೆ ಬಂದಾಗ ತೆಗೆದ ಅವನ ರಕ್ತದ ಡಿಎನ್‌ಎಗೆ ಹೊಂದಿತು. 2010ರ ಮೇ ಕೊನೆಗೆ ತೀರ್ಪು ಬಂತು, ಆ ವರ್ಷದ ಜನವರಿಯಿಂದಲೇ ಲೆಕ್ಕ ಹಿಡಿದು ಎರಡು ವರ್ಷ ನಿಷೇಧ. 2012ರ ಜನವರಿಯಲ್ಲಿ ಮೊವಿಸ್ಟಾರ್‌ಗೆ ವಾಪಸಾಗಿ ಟೂರ್ ಡೌನ್ ಅಂಡರ್‌ನಲ್ಲೇ ಒಂದು ಹಂತ ಗೆದ್ದ. 2018ರಲ್ಲಿ ಇನ್ಸ್‌ಬ್ರುಕ್‌ನಲ್ಲಿ 38ರ ವಯಸ್ಸಿಗೆ ವಿಶ್ವ ಚಾಂಪಿಯನ್.

ಅವನ ಪರವಾಗಿ ಇದ್ದದ್ದು ಮೂರು. ತಂಡವೂ ಪ್ರಾಯೋಜಕರೂ ಸ್ಪೇನಿನವರು, ತವರಿನಲ್ಲಿ ಅವನು ಬೇಕಾದವನು. ಫೆಬ್ರವರಿಯಿಂದ ಅಕ್ಟೋಬರ್‌ವರೆಗೆ ಒಂದು ದಿನದ ರೇಸು, ವಾರದ ರೇಸು, ಗ್ರ್ಯಾಂಡ್ ಟೂರ್ ಎಲ್ಲದರಲ್ಲೂ ಪಾಯಿಂಟ್ ತರ್ತಿದ್ದ, ತಂಡದ ಪರವಾನಗಿಗೆ ಅದೇ ಬಂಡವಾಳ. ಮೂರನೇದು, ಶಿಕ್ಷೆಗೆ ಶುರು ಮತ್ತು ಕೊನೆ ದಿನಾಂಕ ಇತ್ತು. ಅನುಭವಿಸಿ ಬಂದ ಮೇಲೆ ಮ್ಯಾನೇಜರ್ "ಮುಗಿದ ವಿಷಯ" ಅಂತ ಹೇಳಬಹುದಿತ್ತು. ಹಾರ್ನರ್ ಮೇಲೆ ಆರೋಪಪಟ್ಟಿಯೇ ಇರಲಿಲ್ಲ. ವಿಚಾರಣೆ ಕೇಳುವ ಜಾಗವೂ ಇರಲಿಲ್ಲ. ರಕ್ತದ ಅಂಕಿ ಹೊರಗಿಟ್ಟ, ಅದರಿಂದ ಪ್ರಶ್ನೆ ಹೆಚ್ಚಾದವು. ಇದು ಅವನ ಪಾಲಿಗೆ ಅನ್ಯಾಯ ಅಂತಲೇ ನಾನು ಅನ್ನೋದು. ಈಗ ಯಾರಾದರೂ 38 ದಾಟಿದ ಸವಾರ ಅದೇ ಸ್ಥಿತಿಯಲ್ಲಿದ್ದರೆ ಗೆಲ್ಲುವ ಮೊದಲೇ, ಜುಲೈ ಒಳಗೆ, ಮುಂದಿನ ವರ್ಷದ ಸಹಿ ಹಾಕಿಸಿಕೊಳ್ಳಬೇಕು. ಗೆದ್ದರೆ ಬೋನಸ್ ಅನ್ನುವ ಷರತ್ತು ಒಪ್ಪಂದದಲ್ಲೇ ಬರೆಸಬಹುದು. ಅಂಕಿ ಹೊರಗಿಡೋದಾದರೆ ಎತ್ತರದ ವಾಸ, ಕಾಯಿಲೆ, ಸ್ಯಾಂಪಲ್ ತೆಗೆದ ಹೊತ್ತು ಎಲ್ಲವನ್ನೂ ಜೊತೆಗೇ ಕೊಡಬೇಕು, ಬರೀ ಕಾಲಂ ಹಾಕಿ ಸುಮ್ಮನಿರಬಾರದು.

ರಕ್ತಲೆಕ್ಕ:

ಕೊನೆಯ ಮಾತಿಗೆ ಒಂದು ಸೇರ್ಪಡೆ: ಸ್ಯಾಂಪಲ್‌ಗೆ ಮೊದಲಿನ ಎರಡು ವಾರದಲ್ಲಿ ಎಷ್ಟು ಎತ್ತರದಲ್ಲಿ ಎಷ್ಟು ದಿನ ಇದ್ದರು ಅನ್ನೋದು ಪರೀಕ್ಷೆಯ ಫಾರಂನಲ್ಲೇ ಬರೆದಿರುತ್ತೆ. ಆ ಫಾರಂನ ಒಂದು ಪ್ರತಿ ಆಟಗಾರನ ಹತ್ತಿರ ಇರುತ್ತೆ. ಅಂಕಿಯ ಪಕ್ಕದಲ್ಲಿ ಅದನ್ನೂ ಹಾಕಿದರೆ ಓದುವವರ ಅರ್ಧ ಊಹೆ ಅಲ್ಲೇ ನಿಲ್ಲುತ್ತೆ.